ಒಬ್ಬರೇ ಆಡುವ ಇಸ್ಪೀಟು: ಸಾಲಿಟೇರ್ ಆಡೋದು ಹೇಗೆ, ಸೋಲೋದು ಹೇಗೆ

ವಿಡಿಯೋದಲ್ಲಿ ಚಾಪೆ ಮೇಲೆ ಎಲೆ ಹಾಸಿ ಸಾಲಿಟೇರ್ ಆಡಿ ತೋರಿಸಿದ್ದೀನಿ. ಅಲ್ಲಿ "ಇದನ್ನ ಇಲ್ಲಿಗೆ, ಅದನ್ನ ಅಲ್ಲಿಗೆ" ಅಂತ ಕೈ ತೋರಿಸಿದ್ದು ಬರಹದಲ್ಲಿ ಯಾರಿಗೂ ಅರ್ಥ ಆಗಲ್ಲ. ಹಾಗಾಗಿ ಮಾತನ್ನ ಹಾಗೇ ಇಳಿಸದೆ ಸ್ವಲ್ಪ ಬಿಡಿಸಿ ಬರೆದಿದ್ದೀನಿ. ಸಾಧ್ಯವಾದರೆ ಒಂದು ಕಟ್ಟು ಎಲೆ ಪಕ್ಕದಲ್ಲಿಟ್ಟುಕೊಂಡು ಓದಿ.

ಸಾಲಿಟೇರ್ ನೋಡಿಲ್ಲದ ಐಟಿಯವರು ಯಾರಿದ್ದಾರೆ? 1990ರಲ್ಲಿ ವಿಂಡೋಸ್ 3.0 ಜೊತೆ ಬಂತು. ಬರೆದವರು ವೆಸ್ ಚೆರ್ರಿ, ಮೈಕ್ರೋಸಾಫ್ಟ್‌ನಲ್ಲಿ ಇಂಟರ್ನ್ ಆಗಿದ್ದಾಗ ಬರೆದದ್ದು. ಎಲೆಗಳ ಚಿತ್ರ ಸೂಸನ್ ಕೇರ್ ಅವರದು, ಹಳೇ ಮ್ಯಾಕಿಂತೋಷಿನ ಐಕಾನುಗಳನ್ನ ಮಾಡಿದವರೇ. ಮೌಸ್ ಹಿಡಿದು ಎಳೆದು ಬಿಡೋದನ್ನ ಜನಕ್ಕೆ ರೂಢಿ ಮಾಡಿಸೋಕೆ ಈ ಆಟ ಇಟ್ಟರು ಅನ್ನೋ ಮಾತಿದೆ. ರೂಢಿಯಂತೂ ಆಯ್ತು. ಆದರೆ ಕಂಪ್ಯೂಟರಲ್ಲಿ ಆಡಿದವರಲ್ಲಿ ಬಹಳ ಜನಕ್ಕೆ ಆಟದ ನಿಯಮ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಎಂಟೆಕ್ ಲ್ಯಾಬಿನಲ್ಲಿ ಕೂತು ನೂರಾರು ಆಟ ಆಡಿದ್ದೀನಿ, ತಪ್ಪು ಜಾಗದಲ್ಲಿ ಬಿಟ್ಟರೆ ಎಲೆ ತಾನೇ ವಾಪಸ್ ಹೋಗುತ್ತಲ್ಲ, ನಿಯಮ ಯಾಕೆ ಬೇಕು? ಕೈಯಲ್ಲಿ ಎಲೆ ಹಿಡಿದಾಗ ಮಾತ್ರ ತಡೆಯೋರು ಯಾರೂ ಇರಲ್ಲ.

ನಾನು ಸರಿಯಾಗಿ ಕಲಿತಿದ್ದು 2024ರ ಸೆಪ್ಟೆಂಬರ್ ಮೊದಲ ವಾರ, ವಿಜಯವಾಡದ ಗವರ್ನರ್‌ಪೇಟೆಯಲ್ಲಿ. ಆಗ ಬುಡಮೇರು ಉಕ್ಕಿ ಸಿಂಗ್‌ನಗರದ ಕಡೆ ಮನೆಗಳು ಮುಳುಗಿದ್ದವು. ಸೆಪ್ಟೆಂಬರ್ 2ರಂದು ಪ್ರಕಾಶಂ ಬ್ಯಾರೇಜಿಗೆ 11.43 ಲಕ್ಷ ಕ್ಯೂಸೆಕ್ ನೀರು ಬಂದು ದಾಖಲೆ ಆಯ್ತು. ನಮ್ಮ ರೂಮಿಗೆ ನೀರು ಬರಲಿಲ್ಲ, ಅಷ್ಟು ಪುಣ್ಯ. ಆದರೆ ಗನ್ನವರಂ ಕಡೆ ಇದ್ದ ಆಫೀಸಿಗೆ ಹೋಗೋ ಹಾಗಿಲ್ಲ, ನೆಟ್ ಬಂದು ಬಂದು ಹೋಗ್ತಿತ್ತು, ಫೋನಿನ ಚಾರ್ಜ್ ಮನೆಗೆ ಫೋನ್ ಮಾಡೋಕೆ ಅಂತ ಉಳಿಸಿಕೊಂಡಿದ್ದೆವು. ಮಳೆ ಬಿಟ್ಟಾಗ ಬೆಸೆಂಟ್ ರೋಡಿಗೆ ಹೋಗಿ ಒಂದು ಕಟ್ಟು ಇಸ್ಪೀಟೆಲೆ ಕೇಳಿದೆ. ಅಂಗಡಿಯವರು "ಪೇಕ ಮುಕ್ಕಲಾ? ಒಕಟಾ, ರೆಂಡಾ?" ಅಂದರು. ಇಲ್ಲಿ ಎಲೆ ಕೊಳ್ಳೋರು ರಮ್ಮಿಗೆ ಕೊಳ್ಳೋದು, ಅದಕ್ಕೆ ಎರಡು ಕಟ್ಟು ಬೇಕು. ಒಂದೇ ಸಾಕು ಅಂದಾಗ ವಿಚಿತ್ರವಾಗಿ ನೋಡಿದರು.

ರೂಮ್‌ಮೇಟ್ ಗದಗ ಕಡೆಯವನು, ನನಗಿಂತ ಏಳು ವರ್ಷ ಚಿಕ್ಕವನು. ನಾನು ಎಲೆ ಹಾಸೋದನ್ನ ನೋಡಿ, "ಇದನ್ನ ಯಾರ ಜೋಡಿ ಆಡೂದ್ರಿ ಅಣ್ಣ?" ಅಂದ. ಯಾರೂ ಇಲ್ಲ, ಒಬ್ಬನೇ ಅಂದೆ. "ಹಂಗಾರ ಗೆದ್ದರ ಯಾರು ಕೊಡ್ತಾರ?" ಅಂದ. ಆ ಪ್ರಶ್ನೆಗೆ ಆಮೇಲೆ ಬರ್ತೀನಿ. ಅವನನ್ನ ಕೇಳಿಯೇ ಹೇಳ್ತಿದ್ದೀನಿ, ಹೆಸರು ಹೇಳಲ್ಲ.

ಮೊದಲು ಎಲೆಗಳು. 52 ಎಲೆ, ಜೋಕರ್ ತೆಗೆದಿಡಿ. ಇಸ್ಪೀಟು ಮತ್ತು ಕಳಾವರ್ ಕಪ್ಪು, ಆಟೀನು ಮತ್ತು ಡೈಮನ್ ಕೆಂಪು. ಎಕ್ಕ ಎಲ್ಲಕ್ಕಿಂತ ಚಿಕ್ಕದು, ಆಮೇಲೆ 2ರಿಂದ 10, ಗುಲಾಮ, ರಾಣಿ, ರಾಜ. ಒಂದು ಮಾತು ಹೇಳಿ ಮುಂದೆ ಹೋಗ್ತೀನಿ: ಆಟೀನು, ಕಳಾವರ್ ಅನ್ನೋ ಈ ಹೆಸರುಗಳು ಕನ್ನಡಕ್ಕೂ ತೆಲುಗಿಗೂ ಒಂದೇ. ಡಚ್ ಭಾಷೆಯಲ್ಲಿ ಈ ಎರಡು ರಂಗಿಗೆ ಹಾರ್ಟನ್, ಕ್ಲಾವರ್ ಅಂತಾರೆ. ನಮ್ಮ ಗವರ್ನರ್‌ಪೇಟೆ ಪಕ್ಕದ ಬಂದರ್ ರೋಡು ಯಾವ ಬಂದರಿಗೆ ಹೋಗುತ್ತೋ ಆ ಮಚಲೀಪಟ್ಟಣದಲ್ಲಿ 17ನೇ ಶತಮಾನದಲ್ಲಿ ಡಚ್ಚರ ವ್ಯಾಪಾರದ ಕೋಠಿ ಇತ್ತು. ಹಡಗಿನಿಂದ ಮಸಾಲೆಗೆ ಬಂದವರು ಎಲೆಯ ಹೆಸರು ಬಿಟ್ಟು ಹೋದರು ಅಂದುಕೊಂಡರೆ ನನಗೆ ಖುಷಿ.

ಈಗ ಹಾಸೋದು. ಸಾಲಿಟೇರಿನಲ್ಲಿ ಬಹಳ ಬಗೆ ಇದೆ. ವಿಂಡೋಸಿನಲ್ಲಿ ಇದ್ದಿದ್ದು, ನಾವು ಆಡೋದು, ಕ್ಲಾಂಡೈಕ್ ಅನ್ನೋ ಬಗೆ. ಎಲೆ ಚೆನ್ನಾಗಿ ಕಲೆಸಿ. ಎಡದಿಂದ ಮೊದಲ ಎಲೆ ತೆರೆದು ಇಡಿ, ಅದರ ಬಲಕ್ಕೆ ಆರು ಎಲೆ ಬೋರಲು ಹಾಕಿ. ಮತ್ತೆ ಎರಡನೇ ಜಾಗದಿಂದ ಶುರು: ಅಲ್ಲೊಂದು ತೆರೆದ ಎಲೆ, ಉಳಿದ ಐದು ಜಾಗಕ್ಕೆ ಬೋರಲು. ಹೀಗೇ ಏಳನೆಯದರವರೆಗೆ. ಕೊನೆಗೆ ಏಳು ಸಾಲು: ಮೊದಲನೆಯದರಲ್ಲಿ ಒಂದು ಎಲೆ, ಏಳನೆಯದರಲ್ಲಿ ಏಳು, ಪ್ರತಿ ಸಾಲಿನ ಮೇಲಿನ ಒಂದು ಎಲೆ ಮಾತ್ರ ತೆರೆದಿದ್ದು. ಒಟ್ಟು 28 ಎಲೆ ನೆಲದ ಮೇಲೆ, ಅದರಲ್ಲಿ 21 ಮುಚ್ಚಿದ್ದು. ಉಳಿದ 24 ಕೈಯಲ್ಲಿ. ಈ 21 ಅನ್ನೋದನ್ನ ನೆನಪಿಡಿ, ಆಟ ಇರೋದೇ ಅಲ್ಲಿ.

(ಫ್ಯಾನು ಐದರಲ್ಲಿಟ್ಟು ಹಾಸೋಕೆ ಹೋಗಬೇಡಿ. ವಿಜಯವಾಡದಲ್ಲಿ ಫ್ಯಾನಿಲ್ಲದೆ ಕೂರೋಕೂ ಆಗಲ್ಲ, ಗೊತ್ತು. ಒರಟು ಚಾಪೆ ಅಥವಾ ದಪ್ಪ ಬೆಡ್‌ಶೀಟ್ ಮೇಲೆ ಹಾಸಿ, ಫ್ಯಾನು ಎರಡರಲ್ಲಿರಲಿ.)

ಗುರಿ ಏನು? ಮೇಲ್ಗಡೆ ನಾಲ್ಕು ಖಾಲಿ ಜಾಗ ಇದೆ ಅಂದುಕೊಳ್ಳಿ, ನಾಲ್ಕು ರಂಗಿಗೆ ನಾಲ್ಕು ಮನೆ. ಪ್ರತಿ ಮನೆಗೂ ಎಕ್ಕದಿಂದ ಶುರುಮಾಡಿ ರಾಜನವರೆಗೆ, ಅದೇ ರಂಗಿನ ಎಲೆಗಳು ಒಂದರ ಮೇಲೊಂದು ಹೋಗಬೇಕು. 52ಉ ಮನೆ ಸೇರಿದರೆ ಗೆದ್ದಿರಿ.

ಕೆಳಗಿನ ಏಳು ಸಾಲಲ್ಲಿ ಲೆಕ್ಕ ಉಲ್ಟಾ. ದೊಡ್ಡ ಎಲೆಯ ಮೇಲೆ ಒಂದೇ ಒಂದು ಕಮ್ಮಿ ಇರೋ ಎಲೆ, ಅದೂ ಬೇರೆ ಬಣ್ಣದ್ದು. ಕಪ್ಪು 9ರ ಮೇಲೆ ಕೆಂಪು 8, ಅದರ ಮೇಲೆ ಕಪ್ಪು 7. ಹೀಗೆ ಜೋಡಿಸಿದ ಸರಣಿಯನ್ನ ಇಡಿಯಾಗಿ ಎತ್ತಿ ಬೇರೆ ಸಾಲಿಗೆ ಹಾಕಬಹುದು. ತೆರೆದ ಎಲೆ ಸರಿದು ಕೆಳಗೆ ಮುಚ್ಚಿದ್ದು ಕಂಡರೆ ಅದನ್ನ ತಿರುಗಿಸಿ. ಒಂದು ಸಾಲು ಪೂರ್ತಿ ಖಾಲಿ ಆದರೆ ಅಲ್ಲಿ ಕೂರೋ ಹಕ್ಕು ರಾಜನಿಗೆ ಮಾತ್ರ, ಒಬ್ಬನೇ ಬರಲಿ, ತನ್ನ ಹಿಂದಿನ ಸರಣಿ ಕಟ್ಟಿಕೊಂಡು ಬರಲಿ.

ಕೈಯಲ್ಲಿರೋ 24 ಎಲೆಗಳನ್ನ ಎರಡು ರೀತಿ ತೆಗೀಬಹುದು, ಒಂದೊಂದಾಗಿ ಅಥವಾ ಮೂರು ಮೂರಾಗಿ. ಕಲಿಯುವವರು ಒಂದೊಂದಾಗಿ ಶುರು ಮಾಡಿ. ಮೂರರ ಆಟದಲ್ಲಿ ಮೂರು ಎಲೆ ಒಟ್ಟಿಗೆ ತಿರುಗಿಸ್ತೀರಿ, ಮೇಲಿನ ಒಂದನ್ನ ಮಾತ್ರ ಬಳಸಬಹುದು. ಅದು ಹೋದರೆ ಅದರ ಕೆಳಗಿನದು ಸಿಗುತ್ತೆ. ಎಲ್ಲ ಮುಗಿದ ಮೇಲೆ ಕಲೆಸದೆ, ಹಾಗೇ ಮಗುಚಿ ಮತ್ತೆ ಮೊದಲಿಂದ.

ನಮ್ಮಂಥವರಿಗೆ ಇಲ್ಲೊಂದು ಮಜಾ ಇದೆ. ಮೂರರಂತೆ ತೆಗೆದರೆ ಒಂದು ಸುತ್ತಿನಲ್ಲಿ ನಿಮಗೆ ಮೇಲೆ ಕಾಣೋದು ಎಂಟೇ ಎಲೆ: 3ನೇದು, 6ನೇದು, 9ನೇದು, ಹೀಗೆ 24ರವರೆಗೆ. ಏನೂ ಬಳಸದಿದ್ದರೆ ಮುಂದಿನ ಸುತ್ತಲ್ಲೂ ಅದೇ ಎಂಟು. ನೂರು ಸಲ ತಿರುಗಿಸಿದರೂ ಅದೇ ಎಂಟು. ಈಗ 6ನೇ ಎಲೆ ಬಳಸಿಬಿಟ್ಟಿರಿ ಅಂದುಕೊಳ್ಳಿ. ಮುಂದಿನ ಸುತ್ತಲ್ಲಿ 3ರ ನಂತರ ಮೇಲೆ ಬರೋದು ಹಳೇ ಲೆಕ್ಕದ 7, ಆಮೇಲೆ 10, 13, 16. ಒಂದು ಎಲೆ ತೆಗೆದಿದ್ದಕ್ಕೆ ಅದರ ಹಿಂದಿನ ಸಾಲೆಲ್ಲ ಒಂದು ಜಾಗ ಸರೀತು. ಅದೇ ಜಾಗದ ಹತ್ತಿರ ಮೂರು ಎಲೆ ತೆಗೆದರೆ ಹಿಂದಿನವು ಮತ್ತೆ ಹಳೇ ಜಾಗಕ್ಕೇ ಬಂದು ಕೂರ್ತವೆ. ಹಾಗಾಗಿ ಮೂರರ ಆಟದಲ್ಲಿ "ಈ ಎಲೆ ಕೆಳಗೆ ಉಪಯೋಗಕ್ಕೆ ಬರುತ್ತಾ" ಅಂತ ಮಾತ್ರ ನೋಡಿದರೆ ಸಾಲದು, "ಇದನ್ನ ತೆಗೆದರೆ ಮುಂದೆ ಯಾವುದು ಕಾಣುತ್ತೆ" ಅಂತಲೂ ನೋಡಬೇಕು. ಒಮ್ಮೊಮ್ಮೆ ಬೇಡದ ಎಲೆಯನ್ನ ಬರೀ ಸಾಲು ಸರಿಸೋಕೆ ಅಂತ ಇಳಿಸ್ತೀನಿ.

ಈಗ ಒಂದು ಆಟದ ಶುರು ನೋಡೋಣ. ತೆರೆದ ಏಳು ಎಲೆ ಎಡದಿಂದ ಹೀಗಿವೆ: ಕಳಾವರ್ 9, ಆಟೀನು 8, ಇಸ್ಪೀಟ್ ಎಕ್ಕ, ಡೈಮನ್ ರಾಣಿ, ಆಟೀನು 4, ಇಸ್ಪೀಟ್ ರಾಜ, ಡೈಮನ್ 8.

ಕೈಯಲ್ಲಿನ ಕಟ್ಟು ಮುಟ್ಟಬೇಡಿ. ಮೊದಲು ಎಕ್ಕ ಮನೆಗೆ ಹೋಗಲಿ, ಅದರಲ್ಲಿ ಯೋಚನೆ ಮಾಡೋಕೆ ಏನಿಲ್ಲ. ಮೂರನೇ ಸಾಲಲ್ಲಿ ಒಂದು ಎಲೆ ತೆರೆಯಿತು, ಡೈಮನ್ 10 ಬಂತು ಅಂದುಕೊಳ್ಳಿ. ಡೈಮನ್ ರಾಣಿ ಇಸ್ಪೀಟ್ ರಾಜನ ಮೇಲೆ ಹೋಗಲಿ, ನಾಲ್ಕನೇ ಸಾಲು ತೆರೆದು ಇಸ್ಪೀಟ್ 3 ಬಂತು. ಅದನ್ನ ಆಟೀನು 4ರ ಮೇಲೆ ಇಳಿಸಿ, ನಾಲ್ಕನೇ ಸಾಲಲ್ಲಿ ಇನ್ನೊಂದು ತೆರೆಯುತ್ತೆ. ಇಲ್ಲಿವರೆಗೂ ಸುಲಭ.

ಈಗ ಪ್ರಶ್ನೆ. ಕಪ್ಪು 9ರ ಮೇಲೆ ಎರಡು ಕೆಂಪು 8ರಲ್ಲಿ ಯಾವುದನ್ನ ಹಾಕ್ತೀರಿ? ಆಟೀನು 8ರ ಕೆಳಗೆ ಮುಚ್ಚಿರೋದು ಒಂದೇ ಎಲೆ, ಡೈಮನ್ 8ರ ಕೆಳಗೆ ಆರು. ಹೊಸಬರು ಎರಡನೇ ಸಾಲನ್ನ ಬೇಗ ಖಾಲಿ ಮಾಡೋಣ ಅಂತ ಆಟೀನು ಎತ್ತುತ್ತಾರೆ. ನಾನು ಡೈಮನ್ ಎತ್ತುತ್ತೀನಿ. ಉದ್ದದ ಸಾಲು ಕೊನೆಗೆ ಕತ್ತು ಹಿಡಿಯೋದು, ಅದನ್ನ ಬೇಗ ಅಗೆಯೋಕೆ ಶುರು ಮಾಡಬೇಕು. ಅಲ್ಲದೆ ಖಾಲಿ ಸಾಲು ಇಲ್ಲಿ ಬೇರೆ ದಾರಿಯಲ್ಲಿ ಬರ್ತಾ ಇದೆ ನೋಡಿ: ಕಳಾವರ್ 9 ಮತ್ತು ಅದರ ಮೇಲಿನ 8, ಎರಡನ್ನೂ ಒಟ್ಟಿಗೆ ಮೂರನೇ ಸಾಲಿನ ಡೈಮನ್ 10ರ ಮೇಲೆ ಹಾಕಬಹುದು. ಮೊದಲ ಸಾಲು ಖಾಲಿ. ಅಲ್ಲಿಗೆ ಇಸ್ಪೀಟ್ ರಾಜ ತನ್ನ ರಾಣಿ ಸಮೇತ ಬರ್ತಾನೆ, ಆರನೇ ಸಾಲು ತೆರೆಯುತ್ತೆ. ಕಟ್ಟು ಮುಟ್ಟದೆ 21ರಲ್ಲಿ ಐದು ಎಲೆ ತೆರೆದಾಯ್ತು.

ಸಾಲು ಖಾಲಿ ಮಾಡೋದು ಒಳ್ಳೆಯದೇ, ಆದರೆ ಕೂರಿಸೋಕೆ ರಾಜ ಇಲ್ಲದಿದ್ದರೆ ಅದು ಬೀಗ ಹಾಕಿದ ಮನೆ, ಬಾಡಿಗೆಗೂ ಹೋಗಲ್ಲ. ಎರಡು ರಾಜ ಇದ್ದರೆ? ಯಾವ ಬಣ್ಣದ ರಾಣಿ, ಗುಲಾಮ ಕೈಗೆ ಸಿಗೋ ಹಾಗಿವೆ ನೋಡಿ ಆರಿಸಿ. ರಾಜನ ಬಣ್ಣ ಆರಿಸಿದಿರಿ ಅಂದ್ರೆ ಆ ಸಾಲಿನ ಪೂರ್ತಿ ಬಣ್ಣದ ಕ್ರಮ ಆರಿಸಿದ ಹಾಗೆ.

ಇನ್ನೊಂದು ದುಡುಕು, ಕಂಡ ಎಲೆಯನ್ನೆಲ್ಲ ಮನೆಗೆ ಕಳಿಸೋದು. ಎಕ್ಕ ಮತ್ತು 2 ಕಳಿಸಿ, ಯೋಚನೆ ಬೇಡ. ಅದರ ಮೇಲಿನದಕ್ಕೆ ಒಂದು ಲೆಕ್ಕ ಇದೆ. ಕೆಂಪು 5 ಕೆಳಗೆ ಇದ್ದರೆ ಅದರಿಂದ ಉಪಯೋಗ ಆಗೋದು ಕಪ್ಪು 4ಕ್ಕೆ ಮಾತ್ರ. ಎರಡೂ ಕಪ್ಪು 4 ಆಗಲೇ ಮನೆ ಸೇರಿದ್ದರೆ ಕೆಂಪು 5 ಕಳಿಸಿ, ಏನೂ ನಷ್ಟ ಇಲ್ಲ. ಇಲ್ಲದಿದ್ದರೆ ಸ್ವಲ್ಪ ತಡೀರಿ. ನನ್ನ ಎಷ್ಟೋ ಆಟ ನಿಂತಿದ್ದು ಒಂದು 5 ಅಥವಾ 6ನ್ನ ಆತುರಕ್ಕೆ ಮೇಲೆ ಕಳಿಸಿ.

ಆಡೋದು ಇಷ್ಟೇ. ಇನ್ನು ಸೋಲೋದು.

ಎಷ್ಟೇ ಚೆನ್ನಾಗಿ ಆಡಿದರೂ ಈ ಆಟ ನಿಲ್ಲುತ್ತೆ. ಕಟ್ಟು ತಿರುಗಿಸ್ತೀರಿ, ಅದೇ ಎಲೆಗಳು, ಎಲ್ಲೂ ಜಾಗ ಇಲ್ಲ. ಆ ದಿನ ಮೂರನೇ ಸಲ ಹೀಗಾದಾಗ ರೂಮ್‌ಮೇಟ್ ಕೇಳಿದ: "ಅಣ್ಣ, ಸೋತಿದ್ದು ನನ್ನ ತಪ್ಪೋ, ಎಲಿ ತಪ್ಪೋ?"

ಈ ಪ್ರಶ್ನೆ ಅವನಿಗೆ ಯಾಕೆ ಅಷ್ಟು ಮುಖ್ಯ ಅಂತ ಆಮೇಲೆ ಗೊತ್ತಾಯ್ತು. ಬೆಂಗಳೂರಲ್ಲಿದ್ದಾಗ ಅವನು ರಾತ್ರಿ ಫೋನಲ್ಲಿ ದುಡ್ಡಿಟ್ಟು ರಮ್ಮಿ ಆಡ್ತಿದ್ದ. ಹೋದ ದುಡ್ಡು ವಾಪಸ್ ತರೋಕೆ ಪರ್ಸನಲ್ ಲೋನ್ ತೆಗೆದಿದ್ದ. ಕಂತು ಇನ್ನೂ ಕಟ್ತಿದ್ದ, ಊರಲ್ಲಿ ಯಾರಿಗೂ ಗೊತ್ತಿಲ್ಲ. ಆಂಧ್ರದಲ್ಲಿ 2020ರಿಂದಲೇ ಆನ್‌ಲೈನ್ ರಮ್ಮಿಗೆ ನಿಷೇಧ ಇದ್ದಿದ್ದರಿಂದ ಇಲ್ಲಿಗೆ ಬಂದ ಮೇಲೆ ಆಪ್ ತೆರೆಯಲಿಲ್ಲ. (ಕರ್ನಾಟಕದ 2021ರ ನಿಷೇಧವನ್ನ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತ್ತು. ಈಗ 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ ದುಡ್ಡಿಟ್ಟು ಆಡುವ ಆನ್‌ಲೈನ್ ಆಟವನ್ನ ದೇಶಕ್ಕೆಲ್ಲ ನಿಷೇಧಿಸಿದೆ.) ಅವನು ಹೇಳಿದ್ದು ಇಷ್ಟು: ಪ್ರತಿ ಸಲ ಸೋತಾಗ "ನಾನು ಆ ಎಲೆ ಬಿಡಬಾರದಿತ್ತು, ಮುಂದಿನ ಆಟದಾಗ ಸರಿ ಮಾಡ್ತೀನಿ" ಅನಿಸ್ತಿತ್ತಂತೆ.

ರಮ್ಮಿಯಲ್ಲಿ ಕೌಶಲ ಇಲ್ಲ ಅಂತ ನಾನು ಹೇಳ್ತಿಲ್ಲ. ಆಂಧ್ರ ಸರ್ಕಾರ ಮತ್ತು ಸಿಕಂದರಾಬಾದಿನ ಒಂದು ಕ್ಲಬ್ಬಿನವರ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ, ಇದು ಮೂರೆಲೆಯ ಹಾಗೆ ಬರೀ ಅದೃಷ್ಟ ಅಲ್ಲ, ಬಿದ್ದ ಎಲೆ ನೆನಪಿಡಬೇಕು, ಹಿಡಿಯೋದು ಬಿಡೋದು ತಿಳಿದಿರಬೇಕು ಅಂತ. ಆದರೆ ಒಂದು ಆಟ ಸೋತಾಗ ಅದರಲ್ಲಿ ನಿಮ್ಮ ಪಾಲೆಷ್ಟು, ಎಲೆಯ ಪಾಲೆಷ್ಟು ಅಂತ ರಮ್ಮಿ ಹೇಳಲ್ಲ. ಆಪ್ ಅಂತೂ ಮುಂದಿನ ಟೇಬಲ್ ತೆರೆದುಕೊಂಡೇ ಇರುತ್ತೆ.

ಸಾಲಿಟೇರಲ್ಲಿ ಅದನ್ನ ನೋಡೋಕೆ ಆಗುತ್ತೆ. ಆಟ ನಿಂತಾಗ ಎಲೆ ಬಾಚಬೇಡಿ. ಮುಚ್ಚಿದ ಎಲೆಗಳನ್ನ ಅವಿದ್ದ ಜಾಗದಲ್ಲೇ ಒಂದೊಂದಾಗಿ ತಿರುಗಿಸಿ. ಪ್ರೊಡಕ್ಷನ್ ಬಿದ್ದ ಮೇಲೆ ನಾವು ಕೂತು ಕಾರಣ ಹುಡುಕ್ತೀವಲ್ಲ, ಹಾಗೇ. ಆ ದಿನದ ಮೂರನೇ ಆಟದಲ್ಲಿ ಐದನೇ ಸಾಲಿನ ಮೇಲೆ ಇಸ್ಪೀಟ್ 8 ಕೂತಿತ್ತು. ಅದನ್ನ ಸರಿಸೋಕೆ ಒಂದು ಕೆಂಪು 9 ಬೇಕು. ತಿರುಗಿಸಿ ನೋಡಿದರೆ ಎರಡೂ ಕೆಂಪು 9 ಅದೇ ಸಾಲಲ್ಲಿ ಅದರ ಕೆಳಗಿವೆ. ಸರಿ, ಮನೆಗೆ ಕಳಿಸೋಣ ಅಂದರೆ ಇಸ್ಪೀಟಿನ 2ರಿಂದ 7 ಮೊದಲು ಹೋಗಬೇಕು, ಇಸ್ಪೀಟ್ 3 ಕೂಡ ಅದರ ಕೆಳಗೇ. ನಮ್ಮ ಭಾಷೆಯಲ್ಲಿ ಡೆಡ್‌ಲಾಕ್. ಎಲೆ ಹಾಸಿದ ಕ್ಷಣದಲ್ಲೇ ಆ ಆಟ ಮುಗಿದಿತ್ತು, ನಾವಿಬ್ಬರೂ ಸುಮ್ಮನೆ ಅರ್ಧ ಗಂಟೆ ತಲೆ ಕೆಡಿಸಿಕೊಂಡಿದ್ದೆವು. ಅವನು ಆ ಎಂಟನ್ನ ತುಂಬಾ ಹೊತ್ತು ನೋಡ್ತಾ ಕೂತ.

ಹೀಗೆ ಹುಟ್ಟುವಾಗಲೇ ಸತ್ತ ಆಟ ಎಷ್ಟು? ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಬ್ಲೇಕ್ ಮತ್ತು ಜೆಂಟ್ ಕಂಪ್ಯೂಟರಿನಲ್ಲಿ ಲಕ್ಷಗಟ್ಟಲೆ ಆಟ ಬಿಡಿಸಿ ನೋಡಿದ್ದಾರೆ. ಮೂರು ಮೂರಾಗಿ ತೆಗೆಯುವ ಕ್ಲಾಂಡೈಕಿನಲ್ಲಿ, ಎಲ್ಲಾ ಎಲೆ ಎಲ್ಲಿದೆ ಅಂತ ಮೊದಲೇ ಗೊತ್ತಿದ್ದರೆ, ಸುಮಾರು 82 ಪರ್ಸೆಂಟ್ ಆಟ ಗೆಲ್ಲಬಹುದು. ಅಂದ್ರೆ ಹೆಚ್ಚುಕಡಿಮೆ 18 ಪರ್ಸೆಂಟ್ ಯಾರ ಅಪ್ಪನ ಕೈಯಲ್ಲೂ ಆಗಲ್ಲ. ನಮಗೆ ಮುಚ್ಚಿದ ಎಲೆ ಕಾಣಲ್ಲವಾದ್ದರಿಂದ ನಾವು ಗೆಲ್ಲೋದು ಅದಕ್ಕಿಂತ ತುಂಬಾ ಕಮ್ಮಿ. ನಾನು ಹತ್ತು ಆಡಿದರೆ ಒಂದೋ ಎರಡೋ.

ಈ ಲೆಕ್ಕ ಕಾಗದದ ಮೇಲೆ ಮಾಡೋದು ಕಷ್ಟ. 52 ಎಲೆಯನ್ನ ಜೋಡಿಸುವ ಬಗೆಗಳ ಸಂಖ್ಯೆ 68 ಅಂಕಿ ಉದ್ದ ಇದೆ. 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ತಾ ಇದ್ದ ಗಣಿತಜ್ಞ ಸ್ಟ್ಯಾನಿಸ್ಲಾವ್ ಉಲಾಮ್ ಕ್ಯಾನ್‌ಫೀಲ್ಡ್ ಅನ್ನೋ ಸಾಲಿಟೇರ್ ಆಡ್ತಾ ಇದನ್ನೇ ಯೋಚಿಸಿದರು: ಇದು ಗೆಲ್ಲುವ ಸಂಭವ ಎಷ್ಟು? ಸೂತ್ರದಿಂದ ಲೆಕ್ಕ ಹಾಕೋಕೆ ಹೋಗಿ ಸೋತು, ಸುಮ್ಮನೆ ನೂರು ಸಲ ಹಾಸಿ ಎಷ್ಟು ಗೆದ್ದೆ ಅಂತ ಎಣಿಸಿದರೆ ಆಗಲ್ಲವಾ ಅಂದುಕೊಂಡರು. ಅದನ್ನ ಜಾನ್ ವಾನ್ ನಾಯ್ಮನ್ ಜೊತೆ ಸೇರಿ ಬೆಳೆಸಿದ್ದೇ ಮಾಂಟೆ ಕಾರ್ಲೋ ವಿಧಾನ. ನಿಮ್ಮಲ್ಲಿ ರಿಸ್ಕ್ ಮಾಡೆಲ್ ಬರೆಯುವವರು ದಿನಾ ಓಡಿಸೋ ಸಿಮ್ಯುಲೇಷನ್ ಹುಟ್ಟಿದ್ದು ರಜೆಯಲ್ಲಿ ಇಸ್ಪೀಟ್ ಆಡ್ತಿದ್ದವರಿಂದ. ಮ್ಯಾನೇಜರ್ ಕೇಳಿದರೆ ಹೇಳಿ.

ಫೋನಲ್ಲಿ ಆಡೋದರ ಬಗ್ಗೆ ಒಂದು ಮಾತು. ಅನ್‌ಡೂ ಗುಂಡಿ ಇದೆ, ಗೆಲ್ಲೋಕೆ ಆಗುವ ಆಟಗಳನ್ನೇ ಆರಿಸಿ ಕೊಡೋ ಸೆಟ್ಟಿಂಗೂ ಕೆಲವದರಲ್ಲಿದೆ. ಆಗ ಪ್ರತಿ ಸೋಲೂ ನಿಮ್ಮ ತಪ್ಪೇ ಆಗುತ್ತೆ, ಪ್ರತಿ ತಪ್ಪನ್ನೂ ಅಳಿಸಬಹುದು. ಅದು ಬೇರೆ ಆಟ, ಕೆಟ್ಟದ್ದೇನಲ್ಲ, ನನಗೆ ಹಿಡಿಸಲ್ಲ ಅಷ್ಟೇ. ಹಾಗೇ ಎಲೆಯಲ್ಲಿ ಆಡುವಾಗ ಮುಚ್ಚಿದ್ದನ್ನ ಕದ್ದು ನೋಡೋ ಆಸೆ ಬರುತ್ತೆ. ನೋಡಿದರೆ ಕೇಳೋರು ಯಾರೂ ಇಲ್ಲ. ನಾನೂ ನೋಡಿದ್ದೀನಿ.

ಎಲೆ ಕಲೆಸೋದನ್ನ ಹಗುರವಾಗಿ ತಗೋಬೇಡಿ. ಗೆದ್ದ ಮೇಲೆ ಕಟ್ಟು ರಂಗಿನ ಪ್ರಕಾರ ಜೋಡಣೆಯಾಗಿರುತ್ತೆ, ಎರಡು ಸಲ ಕಲೆಸಿ ಹಾಸಿದರೆ ಎಕ್ಕಗಳೆಲ್ಲ ಒಂದೇ ಕಡೆ ಬಂದು ಕೂತಿರ್ತವೆ. ಕಟ್ಟನ್ನ ಅರ್ಧ ಮಾಡಿ ಎರಡೂ ಕಡೆಯಿಂದ ಬರ್ರನೆ ಸೇರಿಸ್ತಾರಲ್ಲ, ಹಾಗೆ ಏಳು ಸಲ ಮಾಡಿದರೆ ಸಾಕು ಅಂತ ಬೇಯರ್ ಮತ್ತು ಡಯಕೋನಿಸ್ 1992ರಲ್ಲಿ ತೋರಿಸಿದ್ದಾರೆ.

ರೂಮ್‌ಮೇಟ್ ಆ ವಾರ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಗೀಟು ಎಳೆದು ಎರಡು ಕಾಲಂ ಮಾಡಿದ, ಒಂದಕ್ಕೆ "ನಂದು", ಇನ್ನೊಂದಕ್ಕೆ "ಎಲಿದು". ಸೋತ ಪ್ರತಿ ಆಟದ ಎಲೆ ತಿರುಗಿಸಿ ನೋಡಿ ಎಲ್ಲಿ ಸೇರುತ್ತೋ ಅಲ್ಲಿ ಗೆರೆ ಹಾಕ್ತಿದ್ದ. ಎಷ್ಟೋ ಸಲ ತೀರ್ಮಾನ ಆಗದೆ ಇಬ್ಬರೂ ಜಗಳ ಆಡಿದ್ದುಂಟು, ಯಾಕಂದ್ರೆ ಎಲ್ಲ ಸೋಲೂ ಆ ಇಸ್ಪೀಟ್ 8ರಷ್ಟು ಸ್ಪಷ್ಟ ಇರಲ್ಲ. ಅಂಥವಕ್ಕೆ ಗೀಟಿನ ಮೇಲೇ ಒಂದು ಚುಕ್ಕೆ. ಅವನ ಲೋನಿನ ಕೊನೇ ಕಂತು ಮುಂದಿನ ವರ್ಷ ಯುಗಾದಿ ಹೊತ್ತಿಗೆ ಮುಗೀತು. ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ.

ಮುಂದಿನ ವಿಡಿಯೋ ಫ್ರೀಸೆಲ್ ಬಗ್ಗೆ. ಅದರಲ್ಲಿ ಎಲ್ಲಾ ಎಲೆ ಮೊದಲಿಂದಲೇ ತೆರೆದಿರುತ್ತೆ, ಹಾಗಾಗಿ ಎಲೆ ಮೇಲೆ ತಪ್ಪು ಹೊರಿಸೋದು ಕಷ್ಟ. ಹಳೇ ವಿಂಡೋಸಿನ 32,000 ಆಟಗಳಲ್ಲಿ ಒಂದೇ ಒಂದು ಬಿಟ್ಟು ಉಳಿದದ್ದೆಲ್ಲ ಬಿಡಿಸಬಹುದು. ಆ ಒಂದರ ನಂಬರ್ 11982. ಅಷ್ಟರೊಳಗೆ ಯಾರಾದರೂ ಅದನ್ನ ಹಾಕಿಕೊಂಡು ಕೂತರೆ ನನ್ನ ಜವಾಬ್ದಾರಿ ಅಲ್ಲ.